ಬೆರಳು, ನೋಟ, ರೆಪ್ಪೆ: ಮಾತು ನಿಂತವರಿಗೆ ಯಾವ ಅಕ್ಷರ ಫಲಕ?

ನಮ್ಮ ಅಪ್ಪ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವರು. ಸ್ನಾಯುಗಳನ್ನು ಆಡಿಸುವ ನರಗಳನ್ನು ಕ್ಷೀಣಿಸುವ ಮೋಟಾರ್ ನ್ಯೂರಾನ್ ಕಾಯಿಲೆ ಮೊದಲು ಅವರ ನಾಲಿಗೆಯನ್ನು ಹಿಡಿಯಿತು, ಆಮೇಲೆ ಕೈಯನ್ನು. ಮಾತು ತೊದಲುತ್ತಾ ತೊದಲುತ್ತಾ ಅಮ್ಮನಿಗೂ ಅರ್ಥವಾಗದ ಹಂತಕ್ಕೆ ಬಂದ ದಿನ ನಾನು ಪುಸ್ತಕದ ಅಂಗಡಿಗೆ ಹೋಗಿ ಮಕ್ಕಳ ವರ್ಣಮಾಲೆಯ ಚಾರ್ಟ್ ತಂದು ಅವರ ಮುಂದೆ ಹಿಡಿದೆ. ಅರಸ, ಆನೆ, ಇಲಿಗಳ ಬಣ್ಣದ ಚಿತ್ರಗಳಿದ್ದ ಚಾರ್ಟ್. ಅವರು ಅದನ್ನು ಮೇಲಿನಿಂದ ಕೆಳಗೆ ನೋಡಿ, ನಡುಗುವ ತೋರುಬೆರಳನ್ನು ನಿಧಾನವಾಗಿ ಇಡುತ್ತಾ ಹೋದರು: ಒ, ತ, ಉ, ಎ, ಲ, ಇ. ‘ಒತ್ತು ಎಲ್ಲಿ?’ ಚಾರ್ಟಿನ ಮೂಲಕ ಅವರು ಆಡಿದ ಮೊದಲ ಮಾತು ಅದು. ಅಕ್ಷರದ ತುಂಡುಗಳನ್ನು ಕೈಯಲ್ಲಿ ಹಿಡಿದು ಬದುಕಿದವರಿಗೆ ಅರ್ಧ ವರ್ಣಮಾಲೆ ಒಪ್ಪಿಗೆಯಾಗಲಿಲ್ಲ.

ಮುಂದಿನ ಮೂರು ವರ್ಷಗಳಲ್ಲಿ ನಾವು ಒಂದರ ನಂತರ ಒಂದರಂತೆ ನಾಲ್ಕು ವಿಧಾನಗಳನ್ನು ಬಳಸಿದೆವು. ಕಾಯಿಲೆ ಒಂದೊಂದೇ ದಾರಿಯನ್ನು ಮುಚ್ಚುತ್ತಾ ಹೋದಂತೆ ಇನ್ನೊಂದನ್ನು ಹುಡುಕಬೇಕಾಯಿತು. ಇಂದು ಯಾವುದೋ ಆಸ್ಪತ್ರೆಯ ಹೊರಗೆ ನಿಂತು ‘ಇನ್ನು ಇವರೊಂದಿಗೆ ಮಾತನಾಡುವುದು ಹೇಗೆ’ ಎಂದು ಯೋಚಿಸುತ್ತಿರುವವರಿಗಾಗಿ ಅವುಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ. ನಾವು ಬಳಸದ, ಆದರೆ ಅನೇಕ ತಂದೆತಾಯಿಗಳು ನನ್ನನ್ನು ಕೇಳಿರುವ ಇನ್ನೊಂದು ಬಗೆಯ ಬಗ್ಗೆಯೂ ಬರೆಯಲೇಬೇಕು. ನನ್ನ ಅಳತೆಗೋಲು ಒಂದೇ. ಬಂದ ಮಾತು ಅವರದೇ ಎಂದು ನಮಗೆ ಗೊತ್ತಾಗಬೇಕು. ವೇಗ, ಬೆಲೆ, ಅನುಕೂಲ ಎಲ್ಲವೂ ಅದರ ನಂತರ.

ಫಲಕಕ್ಕೆ ಮೊದಲು

ಮಾತು ಹೊರಡದಿರುವುದು ಬೇರೆ, ಭಾಷೆಯೇ ಕೈಕೊಡುವುದು ಬೇರೆ. ಮೋಟಾರ್ ನ್ಯೂರಾನ್ ಕಾಯಿಲೆ, ಗಂಟಲಿನ ಶಸ್ತ್ರಚಿಕಿತ್ಸೆ, ಉಸಿರಾಟಕ್ಕೆ ಕುತ್ತಿಗೆಯಲ್ಲಿ ಇಟ್ಟ ಕೊಳವೆ, ಮಿದುಳಿನ ಕಾಂಡಕ್ಕೆ ಆದ ಪಾರ್ಶ್ವವಾಯು ಇವುಗಳಲ್ಲಿ ಸಾಮಾನ್ಯವಾಗಿ ಒಳಗಿನ ಭಾಷೆ ಉಳಿದಿರುತ್ತದೆ, ಹೊರಬರುವ ದಾರಿ ಮಾತ್ರ ಮುಚ್ಚಿರುತ್ತದೆ. ಇಂಥವರಿಗೆ ಅಕ್ಷರ ಫಲಕ ವರದಾನ. ಆದರೆ ಮಿದುಳಿನ ಎಡಭಾಗಕ್ಕೆ ಪೆಟ್ಟಾದ ಪಾರ್ಶ್ವವಾಯುವಿನಲ್ಲಿ ಹೆಚ್ಚಾಗಿ ಅಫೇಸಿಯಾ ಬರುತ್ತದೆ. ಆಗ ಪದ ಹುಡುಕುವುದೇ ಕಷ್ಟ, ಓದುವುದೂ ಬರೆಯುವುದೂ ಕಷ್ಟ. ಅವರ ಮುಂದೆ ಅಕ್ಷರಗಳನ್ನು ಹಿಡಿದು ‘ತೋರಿಸಿ, ತೋರಿಸಿ’ ಎನ್ನುವುದು ಹಿಂಸೆ. ಅವರಿಗೆ ಚಿತ್ರ, ಫೋಟೊ, ಸನ್ನೆ, ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆ ಹೆಚ್ಚು ನೆರವಾಗುತ್ತವೆ. ಇದು ಯಾವುದು ಎಂಬುದನ್ನು ವಾಕ್ ಚಿಕಿತ್ಸಕರು ನೋಡಿ ಹೇಳಬಲ್ಲರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡರಲ್ಲೂ ಈ ತಜ್ಞರಿದ್ದಾರೆ.

ಇನ್ನೆರಡು ಸಣ್ಣ ವಿಷಯಗಳಿವೆ, ಅಷ್ಟೇ ಮುಖ್ಯವಾದವು. ಒಂದು, ಕನ್ನಡಕ. ತೀವ್ರ ನಿಗಾ ಘಟಕಕ್ಕೆ ಸೇರಿಸುವಾಗ ಕನ್ನಡಕ ಮನೆಯವರ ಕೈಗೆ ಬರುತ್ತದೆ, ಆಮೇಲೆ ಯಾರೂ ಅದನ್ನು ನೆನಪಿಸಿಕೊಳ್ಳುವುದಿಲ್ಲ. ‘ಫಲಕ ತೋರಿಸಿದೆವು, ಅವರಿಗೆ ಅರ್ಥವಾಗಲಿಲ್ಲ’ ಎನ್ನುವ ಮೊದಲು ಕನ್ನಡಕ ಹಾಕಿಸಿ ನೋಡಿ. ಎರಡು, ಹೌದು ಮತ್ತು ಇಲ್ಲ. ನಮ್ಮಲ್ಲಿ ‘ಹೌದು’ ಎನ್ನಲು ತಲೆಯನ್ನು ಪಕ್ಕಕ್ಕೆ ವಾಲಿಸುವವರೇ ಹೆಚ್ಚು. ಕುತ್ತಿಗೆ ಬಲಹೀನವಾದಾಗ ಅದು ‘ಇಲ್ಲ’ದಂತೆಯೇ ಕಾಣುತ್ತದೆ. ಅಪ್ಪನ ಒಂದು ‘ಹೌದ’ನ್ನು ನಾವು ಎರಡು ದಿನ ‘ಬೇಡ’ ಎಂದೇ ಓದಿದ್ದೆವು. ಮೇಲೆ ನೋಡಿದರೆ ಹೌದು, ಕಣ್ಣು ಮುಚ್ಚಿ ಹಿಡಿದರೆ ಇಲ್ಲ ಎಂದು ಒಂದನ್ನು ಗೊತ್ತುಮಾಡಿಕೊಳ್ಳಿ. ಮನೆಯವರು, ದಾದಿಯರು, ಬಂದ ನೆಂಟರು ಎಲ್ಲರೂ ಅದನ್ನೇ ಬಳಸಲಿ.

ಬೆರಳಿಟ್ಟು ತೋರಿಸುವುದು

ಒಂದು ಬೆರಳಾದರೂ ನೆಟ್ಟಗೆ ಆಡುತ್ತಿದ್ದರೆ ಬೇರೆ ಯೋಚನೆಯೇ ಬೇಡ, ಇದೇ ಎಲ್ಲಕ್ಕಿಂತ ಒಳ್ಳೆಯದು. ತೋರಿಸುವವರು ಅವರು, ಓದುವವರು ನಾವು. ನಡುವೆ ಯಾರ ಕೈಯೂ ಇಲ್ಲ. ಒಂದು ಹಾಳೆ, ಒಂದು ಲ್ಯಾಮಿನೇಷನ್, ಅಷ್ಟೇ ಖರ್ಚು. ಫಲಕವನ್ನು ಕೈಯಲ್ಲಿ ಹಿಡಿಯದೆ ಪುಸ್ತಕದ ಸ್ಟ್ಯಾಂಡಿಗೋ ಊಟದ ಮೇಜಿಗೋ ಭದ್ರವಾಗಿ ಆನಿಸಿ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಇಂಗ್ಲಿಷಿನ 26 ಅಕ್ಷರಗಳಿಗೆ ಮಾಡಿದ ಫಲಕವನ್ನು ಕನ್ನಡಕ್ಕೆ ಹಾಗೆಯೇ ಒಗ್ಗಿಸಲು ಆಗುವುದಿಲ್ಲ. ನಮ್ಮದು 49 ಅಕ್ಷರ, ಅದರ ಮೇಲೆ ಕಾಗುಣಿತ, ಒತ್ತಕ್ಷರ. ಕಾಗುಣಿತದ ಎಲ್ಲ ರೂಪಗಳನ್ನೂ ಬರೆಯಹೊರಟರೆ ಗೋಡೆಯೂ ಸಾಲದು. ನಮ್ಮ ಮನೆಯಲ್ಲಿ ನಿಂತ ಕ್ರಮ ಇದು: ವ್ಯಂಜನ ತೋರಿಸಿದ ಮೇಲೆ ಸ್ವರ ತೋರಿಸಿದರೆ ಅದು ಗುಣಿತ. ಕ, ಆ, ಲ, ಉ ಎಂದರೆ ಕಾಲು. ಸ್ವರ ತೋರಿಸದಿದ್ದರೆ ಅಕಾರ. ಒತ್ತಕ್ಷರಕ್ಕೆ ಎರಡು ವ್ಯಂಜನ ಒಂದರ ಹಿಂದೆ ಒಂದು. ಕ, ಷ, ಟ ಎಂದರೆ ಕಷ್ಟ ಎಂದು ಓದುವುದು ಯಾರಿಗೂ ಕಷ್ಟವಲ್ಲ. ಊರಿನ, ಮನುಷ್ಯರ ಹೆಸರುಗಳಲ್ಲಿ ಮಾತ್ರ ಗೊಂದಲ. ಅದಕ್ಕೆಂದು ‘ಒತ್ತು’ ಎಂಬ ಒಂದು ಮನೆ ಮೂಲೆಯಲ್ಲಿರಲಿ. ಅಪ್ಪ ಕೇಳಿದ್ದೂ ಅದನ್ನೇ.

ಹತ್ತು ಮಹಾಪ್ರಾಣಗಳು, ಙ, ಞ, ಋ, ಅಃ ಇವನ್ನು ಬಿಟ್ಟರೆ ಉಳಿಯುವುದು 35. ಖ ಬೇಕಾದಲ್ಲಿ ಕ ತೋರಿಸಿದರೂ ‘ಮುಕ’ವನ್ನು ‘ಮುಖ’ ಎಂದು ಓದಿಕೊಳ್ಳಲು ನಮಗೆ ಬರುತ್ತದೆ. ಅಪ್ಪನಿಗೆ ಮಹಾಪ್ರಾಣ ಬಿಡಲು ಮನಸ್ಸಿರಲಿಲ್ಲ. ಕೈ ಬಲ ತಗ್ಗಿದ ಮೇಲೆ ಅವರೇ ‘ತೆಗೆ’ ಎಂದರು. ಇನ್ನೊಂದು ಪಾಠವೂ ಅವರದೇ. ಮೊಳೆಗಳ ಕೇಸಿನಲ್ಲಿ ಹೆಚ್ಚು ಬಳಸುವ ಅಕ್ಷರಗಳ ಗೂಡು ಕೈಗೆ ಹತ್ತಿರವಿರುತ್ತದೆ. ಹಾಗೆಯೇ ನ, ರ, ಲ, ದ, ತ, ವ ಇವೆಲ್ಲ ಬಲಗೈಗೆ ಎಟಕುವಲ್ಲಿ ಬರಲಿ ಎಂದು ಅಕ್ಷರ ಅಕ್ಷರವಾಗಿ ಹೇಳಿ, ಫಲಕವನ್ನು ಮತ್ತೆ ಬರೆಸಿದರು.

ಬೆರಳು ಸೋತರೂ ತಲೆ ತಿರುಗುತ್ತಿದ್ದರೆ ಕನ್ನಡಕದ ಕಡ್ಡಿಗೆ ಚಿಕ್ಕ ಲೇಸರ್ ದೀಪ ಕಟ್ಟಿ ಅದರ ಚುಕ್ಕೆಯಿಂದ ಅಕ್ಷರ ತೋರಿಸಬಹುದು. ಇದೂ ನೇರ ಆಯ್ಕೆಯೇ. ದೀಪ ಯಾರ ಕಣ್ಣಿಗೂ ಬೀಳದಂತೆ, ತೀರ ಕಡಿಮೆ ಶಕ್ತಿಯದಾಗಿರುವಂತೆ ನೋಡಿಕೊಳ್ಳಬೇಕು. ನಮ್ಮಲ್ಲಿ ಇದು ನಾಲ್ಕು ತಿಂಗಳು ನಡೆಯಿತು.

ನಾವು ಓದುವುದು, ಅವರು ಆರಿಸುವುದು

ಇದಕ್ಕೆ ಬೇಕಾದದ್ದು ಒಂದೇ ಒಂದು ನಂಬಬಹುದಾದ ಚಲನೆ. ರೆಪ್ಪೆ, ಹುಬ್ಬು, ಹೆಬ್ಬೆರಳು, ಯಾವುದಾದರೂ ಸರಿ. ನಾವು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತೇವೆ, ಬೇಕಾದ್ದು ಬಂದಾಗ ಅವರು ಸನ್ನೆ ಮಾಡುತ್ತಾರೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಮಾತು ಕಳೆದುಕೊಂಡಾಗ, ಕಂಪ್ಯೂಟರ್ ಬರುವವರೆಗೆ ಹೀಗೆಯೇ ಹುಬ್ಬೆತ್ತಿ ಅಕ್ಷರಗಳನ್ನು ಆರಿಸುತ್ತಿದ್ದರು. ಫ್ರಾನ್ಸಿನ ಪತ್ರಿಕಾ ಸಂಪಾದಕ ಜಾನ್ ದೊಮಿನಿಕ್ ಬೋಬಿ 1995ರ ಪಾರ್ಶ್ವವಾಯುವಿನ ನಂತರ ಎಡಗಣ್ಣಿನ ರೆಪ್ಪೆಯೊಂದರಿಂದಲೇ ಇಡೀ ಪುಸ್ತಕ ಬರೆಸಿದರು. ಅವರಿಗೆ ಓದಿ ಹೇಳುತ್ತಿದ್ದದ್ದು ವರ್ಣಮಾಲೆಯ ಕ್ರಮದಲ್ಲಲ್ಲ, ಫ್ರೆಂಚಿನಲ್ಲಿ ಹೆಚ್ಚು ಬಳಕೆಯಾಗುವ ಅಕ್ಷರದಿಂದ ಕಡಿಮೆ ಬಳಕೆಯ ಅಕ್ಷರದವರೆಗೆ.

ಕನ್ನಡದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಕೈಯಲ್ಲೇ ಇದೆ. ನಮ್ಮ ವರ್ಗೀಯ ವ್ಯಂಜನಗಳು ಐದು ಸಾಲು, ಸಾಲಿಗೆ ಐದು. ಒಂದನೇ ತರಗತಿಯಲ್ಲಿ ರಾಗವಾಗಿ ಕಲಿತದ್ದು ಎಂಬತ್ತರ ಹರೆಯದಲ್ಲೂ ಮರೆಯುವುದಿಲ್ಲ. ‘ನೀರು’ ಎಂಬ ಪದವನ್ನೇ ನೋಡಿ: ನ, ಈ, ರ, ಉ. ಅಕಾರದಿಂದ ಶುರುಮಾಡಿ ಒಂದೊಂದೇ ಅಕ್ಷರ ಹೇಳುತ್ತಾ ಹೋದರೆ ನ ಮೂವತ್ತೈದನೆಯದು, ಈ ನಾಲ್ಕನೆಯದು, ರ ನಲವತ್ತೆರಡನೆಯದು, ಉ ಐದನೆಯದು. ಒಟ್ಟು 86 ಬಾರಿ ಬಾಯಿ ತೆರೆಯಬೇಕು. ಅದರ ಬದಲು ಮೊದಲು ಸಾಲು ಕೇಳಿ, ಆಮೇಲೆ ಸಾಲಿನೊಳಗೆ ಅಕ್ಷರ ಕೇಳಿ. ಸ್ವರಗಳಿಗೆ ಎರಡು ಸಾಲು, ನಂತರ ಕ, ಚ, ಟ, ತ, ಪ ವರ್ಗಗಳು, ಕೊನೆಗೆ ಯ ರ ಲ ವ ಒಂದು, ಶ ಷ ಸ ಹ ಳ ಒಂದು, ಒಟ್ಟು ಒಂಬತ್ತು ಸಾಲು. ಆಗ ನ ಆರನೇ ಸಾಲಿನ ಐದನೆಯದು, ಅಂದರೆ 11 ಪ್ರಶ್ನೆ. ಈ 5, ರ 10, ಉ 6. ಎಲ್ಲ ಸೇರಿ 32. ಬಾಯಾರಿದ ಮನುಷ್ಯನಿಗೆ 86ಕ್ಕೂ 32ಕ್ಕೂ ಇರುವ ಅಂತರ ದೊಡ್ಡದು. ಅದೂ ಅಲ್ಲದೆ, ಎದುರಿಗೆ ಫಲಕವೇ ಇಲ್ಲದಿದ್ದರೂ, ಕಣ್ಣಿಗೆ ಪೊರೆ ಬಂದಿದ್ದರೂ ಇದು ನಡೆಯುತ್ತದೆ. ಮುಂದಿನ ಅಕ್ಷರ ಯಾವುದೆಂದು ಅವರಿಗೆ ಮೊದಲೇ ಗೊತ್ತಿರುವುದರಿಂದ ರೆಪ್ಪೆಯನ್ನು ಅಣಿಮಾಡಿಕೊಳ್ಳಲು ಸಮಯ ಸಿಗುತ್ತದೆ.

ತಾನಾಗಿ ಬಡಿಯುವ ರೆಪ್ಪೆಯನ್ನು ಸನ್ನೆ ಎಂದು ಎಣಿಸಿಕೊಳ್ಳುವ ಅಪಾಯ ಇಲ್ಲಿದೆ. ಅದಕ್ಕಾಗಿ ‘ಹೌದು’ ಎಂದು ಗೊತ್ತುಮಾಡಿಕೊಂಡ, ಮೇಲೆ ನೋಡುವಂಥ ಸನ್ನೆಯನ್ನೇ ಬಳಸಿ. ಅದಕ್ಕಿಂತ ದೊಡ್ಡ ಅಪಾಯ ನಮ್ಮ ಆತುರದ್ದು. ಒಂದು ರಾತ್ರಿ ಅಪ್ಪ ಕ, ಇ ಎಂದು ಎರಡು ಅಕ್ಷರ ಕೊಟ್ಟರು. ‘ಕಿಟಕಿಯಾ?’ ಎಂದು ಕೇಳಿದವನೇ ಉತ್ತರಕ್ಕೂ ಕಾಯದೆ ಎದ್ದು ಕಿಟಕಿ ತೆರೆದೆ. ಮತ್ತೆ ಕ, ಇ. ಕಿಟಕಿ ಮುಚ್ಚಿದೆ. ಮತ್ತೆ ಕ, ಇ. ಅವರ ಕಣ್ಣಂಚಿನಲ್ಲಿ ನೀರು ಇಳಿಯುತ್ತಿತ್ತು. ಕೊನೆಗೆ ಅಮ್ಮ ಎದ್ದು ಬಂದು, ಊಹೆ ಮಾಡದೆ ಮೂರನೇ ಅಕ್ಷರಕ್ಕೆ ಸಾಲು ಸಾಲಾಗಿ ಕೇಳಿದರು. ವ, ಇ. ಕಿವಿ. ಮಗ್ಗುಲು ಬದಲಿಸುವಾಗ ಎಡಗಿವಿ ದಿಂಬಿನ ಕೆಳಗೆ ಮಡಚಿಕೊಂಡು ಸಿಕ್ಕಿತ್ತು. ಒಂದು ಗಂಟೆಯಿಂದ ಹಾಗೆಯೇ ಇತ್ತು. ತೆಗೆದಾಗ ಕೆಂಡದ ಹಾಗೆ ಬಿಸಿಯಾಗಿತ್ತು. ಆ ರಾತ್ರಿಯ ನಂತರ ಮನೆಯಲ್ಲಿ ಒಂದು ಕಟ್ಟುಪಾಡು ಬಂತು. ಪದ ಊಹಿಸಬಹುದು, ಆದರೆ ಅವರು ‘ಹೌದು’ ಎನ್ನುವವರೆಗೆ ಯಾರೂ ಕುರ್ಚಿ ಬಿಟ್ಟು ಏಳುವಂತಿಲ್ಲ.

ನೋಟದ ಫಲಕ

ಪಾರದರ್ಶಕ ಅಕ್ರಿಲಿಕ್ ಹಾಳೆಯ ನಡುವೆ ಕಿಂಡಿ, ಸುತ್ತ ಅಕ್ಷರಗಳ ಗುಂಪು. ನಾವು ಎದುರು ಕುಳಿತು ಕಿಂಡಿಯಿಂದ ಅವರ ಕಣ್ಣು ನೋಡುತ್ತೇವೆ. ಮೊದಲ ನೋಟ ಗುಂಪನ್ನು ಹೇಳುತ್ತದೆ, ಎರಡನೆಯದು ಆ ಗುಂಪಿನೊಳಗಿನ ಅಕ್ಷರದ ಬಣ್ಣವನ್ನು. ಕೆಂಪು ಅಕ್ಷರ ಬೇಕಾದರೆ ಕೆಂಪು ಮೂಲೆಯತ್ತ ನೋಡುವುದು. 1970ರ ದಶಕದಿಂದ ಬಳಕೆಯಲ್ಲಿರುವ ಸರಳ ಸಾಧನ ಇದು. ನಾಮಫಲಕ ಮಾಡುವ ಅಂಗಡಿಯವರು ಕೆಲವು ನೂರು ರೂಪಾಯಿಗೆ ಕತ್ತರಿಸಿ ಕೊಡುತ್ತಾರೆ. ಮೊದಲು ಹೇಳಿದಂತೆ ಮಹಾಪ್ರಾಣ ಮೊದಲಾದವನ್ನು ಬಿಟ್ಟು ಉಳಿದ 35 ಅಕ್ಷರಗಳು ಐದೈದರಂತೆ ಏಳು ಗುಂಪಾಗುತ್ತವೆ. ಎಂಟನೆಯದರಲ್ಲಿ ಒತ್ತು, ಪದ ಮುಗಿಯಿತು, ತಪ್ಪಾಯಿತು, ನೋವು, ಕಫ ತೆಗೆಯಿರಿ ಇಷ್ಟು ಇರಲಿ. ಅಕ್ಷರಗಳು ಅವರ ಕಡೆಗೆ ನೆಟ್ಟಗಿರುವುದರಿಂದ ನಮಗೆ ತಿರುವುಮುರುವಾಗಿ ಕಾಣುತ್ತವೆ. ನಮ್ಮ ಬದಿಯಲ್ಲಿ ಸಣ್ಣದಾಗಿ ಮತ್ತೆ ಬರೆದುಕೊಂಡರೆ ಸರಿಹೋಗುತ್ತದೆ.

ಪಳಗಿದ ಮೇಲೆ ಇದು ಓದಿ ಹೇಳುವುದಕ್ಕಿಂತ ಬಹಳ ವೇಗ. ಮಾತಿನ ಮುಂದಾಳತ್ವ ಅವರ ಕೈಯಲ್ಲಿರುತ್ತದೆ. ನಮ್ಮ ಪ್ರಶ್ನೆಗೆ ಕಾಯುತ್ತಾ ಮಲಗಬೇಕಾಗಿಲ್ಲ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಕಣ್ಣಿನ ಚಲನೆ ಸಾಮಾನ್ಯವಾಗಿ ಬಹುಕಾಲ ಉಳಿಯುವುದರಿಂದ ಇದು ಅವರಿಗೆ ಹೇಳಿಮಾಡಿಸಿದಂತಿದೆ. ಆದರೆ ಮಿದುಳಿನ ಕಾಂಡದ ಪಾರ್ಶ್ವವಾಯುವಿನಿಂದ ಇಡೀ ದೇಹ ಸ್ತಬ್ಧವಾದವರಲ್ಲಿ ಹೆಚ್ಚಾಗಿ ಉಳಿಯುವುದು ಕಣ್ಣಿನ ಮೇಲು-ಕೆಳಗಿನ ಚಲನೆ ಮತ್ತು ರೆಪ್ಪೆ ಮಾತ್ರ. ಎಡ-ಬಲ ನೋಡಲಾಗದವರಿಗೆ ನೋಟದ ಫಲಕ ಕೊಟ್ಟು ‘ಇವರಿಗೆ ಬುದ್ಧಿ ಇಲ್ಲ’ ಎಂದು ತೀರ್ಮಾನಿಸಿದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಅಂಥವರಿಗೆ ಓದಿ ಹೇಳುವ ವಿಧಾನವೇ ಸರಿ.

ಯಂತ್ರ

ಕಣ್ಣನ್ನು ಹಿಂಬಾಲಿಸುವ ಕ್ಯಾಮೆರಾದ ಕಂಪ್ಯೂಟರುಗಳಿವೆ. ಪೂರ್ಣ ಸಜ್ಜಾದವು ಲಕ್ಷಗಳಲ್ಲಿ. ಬಳಸಲು ಬಂದವರಿಗೆ ಇವು ಒಬ್ಬರೇ ಕುಳಿತು ಪತ್ರ ಬರೆಯುವ ಸ್ವಾತಂತ್ರ್ಯ ಕೊಡುತ್ತವೆ. ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ: ನೋಟದಿಂದ ಒತ್ತಬಹುದಾದ ಕನ್ನಡ ಕೀಲಿಮಣೆ ಇದೆಯೇ, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುತ್ತದೆಯೇ? ಬಿಸಿಲು ಬೀಳುವ ಕೋಣೆಯಲ್ಲಿ, ರೆಪ್ಪೆ ಜೋತಾಗ, ಮಲಗಿದ ಭಂಗಿ ಬದಲಾದಾಗ ಅಳತೆ ತಪ್ಪುತ್ತದೆ. ಆದ್ದರಿಂದ ಎರಡು ವಾರವಾದರೂ ಮನೆಯಲ್ಲಿ ಇಟ್ಟು ನೋಡದೆ ಹಣ ಕೊಡಬೇಡಿ. ಗೂಗಲ್ 2020ರಲ್ಲಿ ತಂದ ‘ಲುಕ್ ಟು ಸ್ಪೀಕ್’ ಎಂಬ ಉಚಿತ ಆ್ಯಪ್ ಸಾಮಾನ್ಯ ಆಂಡ್ರಾಯ್ಡ್ ಮೊಬೈಲಿನಲ್ಲೇ ನಡೆಯುತ್ತದೆ. ಆದರೆ ಅದು ಮೊದಲೇ ಬರೆದಿಟ್ಟ ವಾಕ್ಯಗಳನ್ನು ನೋಟದಿಂದ ಆರಿಸಲು, ಅಕ್ಷರ ಕೂಡಿಸಲು ಅಲ್ಲ. ಇನ್ನೂ ಓದು ಬಾರದ ಮಕ್ಕಳಿಗೆ ಚಿತ್ರಗಳಿಂದ ಮಾತನಾಡಿಸುವ ಚೆನ್ನೈನ ಅವಾಜ್, ಐಐಟಿ ಬಾಂಬೆಯ ಜೆಲ್ಲೋದಂಥ ಆ್ಯಪ್‌ಗಳಿವೆ.

ಯಂತ್ರ ಬಂದ ಮನೆಯಲ್ಲೂ ಹಾಳೆಯ ಫಲಕ ಗೋಡೆಯಲ್ಲಿ ತೂಗಾಡುತ್ತಿರಲಿ. ವಿದ್ಯುತ್ ಹೋದಾಗ, ಆ್ಯಂಬುಲೆನ್ಸಿನಲ್ಲಿ, ಸ್ನಾನದ ಮನೆಯಲ್ಲಿ ಕೈಹಿಡಿಯುವುದು ಅದೇ.

ಇನ್ನೊಬ್ಬರು ಹಿಡಿದು ತೋರಿಸಿಸುವ ವಿಧಾನಗಳು

ಇಲ್ಲಿಗೆ ಬಂದಾಗ ನನ್ನ ಮನಸ್ಸು ಭಾರವಾಗುತ್ತದೆ, ಏಕೆಂದರೆ ಇದನ್ನು ಕೇಳುವವರು ಹೆಚ್ಚಾಗಿ ಆಟಿಸಂ ಇರುವ, ಮಾತು ಬಾರದ ಮಕ್ಕಳ ತಂದೆತಾಯಿಗಳು. ಆದರೂ ಮುಚ್ಚಿಡದೆ ಹೇಳಬೇಕು.

‘ಫೆಸಿಲಿಟೇಟೆಡ್ ಕಮ್ಯೂನಿಕೇಷನ್’ ಎಂಬುದು 1970ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೋಸ್‌ಮೇರಿ ಕ್ರಾಸ್ಲಿ ಅವರಿಂದ ಆರಂಭವಾಗಿ, ಸಿರಾಕ್ಯೂಸ್ ವಿಶ್ವವಿದ್ಯಾಲಯದ ಡಗ್ಲಸ್ ಬಿಕ್ಲೆನ್ ಮೂಲಕ ಅಮೆರಿಕದಲ್ಲಿ ಹರಡಿತು. ಸಹಾಯಕರು ಮಗುವಿನ ಕೈಯನ್ನೋ ಮೊಣಕೈಯನ್ನೋ ಆಧರಿಸಿ ಹಿಡಿಯುತ್ತಾರೆ, ಮಗು ಅಕ್ಷರ ಒತ್ತುತ್ತದೆ. ಒಂದು ಮಾತೂ ಆಡದ ಮಕ್ಕಳು ಕವಿತೆ ಬರೆದರು ಎಂದರು. 1993ರಲ್ಲಿ ನ್ಯೂಯಾರ್ಕ್ ರಾಜ್ಯದ ಒ.ಡಿ. ಹೆಕ್ ಕೇಂದ್ರದಲ್ಲಿ 12 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ವರದಿ ಬಂತು. ಬಳಸುವವರಿಗೂ ಸಹಾಯಕರಿಗೂ ಪರಸ್ಪರ ತಿಳಿಯದಂತೆ ಚಿತ್ರಗಳನ್ನು ತೋರಿಸಿದಾಗ, ಇಬ್ಬರ ಚಿತ್ರಗಳೂ ಬೇರೆಯಾಗಿದ್ದಲ್ಲಿ ಬಳಸುವವರು ಕಂಡ ಚಿತ್ರದ ಹೆಸರು ಒಮ್ಮೆಯೂ ಬರಲಿಲ್ಲ, ಬಂದ ಸರಿಯಾದ ಹೆಸರುಗಳು ಸಹಾಯಕರು ಕಂಡ ಚಿತ್ರಗಳವು. ಸಹಾಯಕರು ಮೋಸ ಮಾಡುತ್ತಿರಲಿಲ್ಲ. ತಮ್ಮ ಕೈ ದಾರಿ ತೋರುತ್ತಿದೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಇದನ್ನು ತಿಳಿದು ಕೆಲವರು ಕುಸಿದು ಹೋದರು.

ಎರಡನೆಯದಕ್ಕೆ ನಮ್ಮ ನೆಲದ ನಂಟಿದೆ. ಬೆಂಗಳೂರಿನಲ್ಲಿದ್ದ ಸೋಮಾ ಮುಖೋಪಾಧ್ಯಾಯ, ಆಟಿಸಂ ಇರುವ ಮಗ ಟಿಟೊಗಾಗಿ ಹಗಲಿರುಳು ಶ್ರಮಿಸಿ ರೂಪಿಸಿದ ಕಲಿಕೆಯ ಕ್ರಮ ಮುಂದೆ ‘ರ್‍ಯಾಪಿಡ್ ಪ್ರಾಂಪ್ಟಿಂಗ್ ಮೆಥಡ್’ ಎಂದಾಯಿತು. 2001ರಲ್ಲಿ ತಾಯಿ ಮಗ ಅಮೆರಿಕಕ್ಕೆ ಹೋದರು. ಟಿಟೊ ಅವರ ಪುಸ್ತಕಗಳು ಪ್ರಕಟವಾದವು. ಇಲ್ಲಿ ಕೈ ಹಿಡಿಯುವುದಿಲ್ಲ, ಆದರೆ ಫಲಕವನ್ನು ಸಹಾಯಕರು ಗಾಳಿಯಲ್ಲಿ ಹಿಡಿದು, ಬಿಡದೆ ಮಾತಿನ ಸೂಚನೆ ಕೊಡುತ್ತಾರೆ. ಇದರಿಂದಲೇ ಕವಲೊಡೆದದ್ದು ವರ್ಜೀನಿಯಾದ ಎಲಿಜಬೆತ್ ವೋಸೆಲರ್ ಅವರ ‘ಸ್ಪೆಲ್ಲಿಂಗ್ ಟು ಕಮ್ಯೂನಿಕೇಟ್’. 2020ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂಬತ್ತು ಮಂದಿಯ ಕಣ್ಣಿನ ಚಲನೆಯನ್ನು ದಾಖಲಿಸಿ, ಬೆರಳಿಗಿಂತ ಮೊದಲು ನೋಟ ಸರಿಯಾದ ಅಕ್ಷರಕ್ಕೆ ಹೋಗುತ್ತದೆ ಎಂದು ತೋರಿಸಿದರು. ಗಮನಿಸಬೇಕಾದ ಅಧ್ಯಯನವೇ. ಆದರೆ ಅಲ್ಲಿಯೂ ಫಲಕ ಸಹಾಯಕರ ಕೈಯಲ್ಲಿತ್ತು, ಉತ್ತರ ಸಹಾಯಕರಿಗೆ ತಿಳಿಯದಂತೆ ಪರೀಕ್ಷಿಸಿರಲಿಲ್ಲ. ಗಾಳಿಯಲ್ಲಿ ಹಿಡಿದ ಫಲಕ ಎಷ್ಟು ಸಣ್ಣದಾಗಿಯಾದರೂ ಅಲುಗುತ್ತದೆ. ಅಮೆರಿಕದ ವಾಕ್, ಭಾಷೆ, ಶ್ರವಣ ತಜ್ಞರ ಸಂಘ 2018ರಲ್ಲಿ ಫೆಸಿಲಿಟೇಟೆಡ್ ಕಮ್ಯೂನಿಕೇಷನ್, ರ್‍ಯಾಪಿಡ್ ಪ್ರಾಂಪ್ಟಿಂಗ್ ಎರಡನ್ನೂ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ನನ್ನ ಅಭಿಪ್ರಾಯವೂ ಅದೇ.

ಈಗಾಗಲೇ ಇಂಥದ್ದನ್ನು ನಡೆಸುತ್ತಿರುವವರು ಮನೆಯಲ್ಲೇ ಒಂದು ಕೆಲಸ ಮಾಡಿ ನೋಡಬಹುದು. ಸಹಾಯಕರು ಹೊರಗಿರುವಾಗ ಮಗುವಿಗೆ ಅದರ ಪ್ರೀತಿಯ ಯಾವುದಾದರೂ ವಸ್ತು ತೋರಿಸಿ, ಆಟವಾಡಿಸಿ, ಎತ್ತಿಡಿ. ಆಮೇಲೆ ಸಹಾಯಕರು ಬಂದು ‘ಏನು ನೋಡಿದೆ?’ ಎಂದು ಕೇಳಲಿ. ಬೇರೆ ಬೇರೆ ದಿನ, ಮಗು ನೆಮ್ಮದಿಯಾಗಿರುವಾಗ, ಹಲವು ಬಾರಿ. ಉತ್ತರ ಬರದಿದ್ದರೆ ಮಗುವಿನೊಳಗೆ ಏನೂ ಇಲ್ಲ ಎಂದಲ್ಲ. ಈ ದಾರಿಯಿಂದ ಬರುತ್ತಿರುವುದು ಮಗುವಿನ ಮಾತಲ್ಲ ಎಂದಷ್ಟೇ. ಆಗ ಫಲಕವನ್ನು ಸ್ಟ್ಯಾಂಡಿಗೆ ಕಟ್ಟಿ, ಕೈ ಬಿಟ್ಟು, ಚಿತ್ರದ ಆ್ಯಪ್ ಆದರೂ ಸರಿ, ಮಗು ತಾನೇ ಒತ್ತಿದ ಒಂದು ‘ಬೇಕು’, ಒಂದು ‘ಸಾಕು’ವಿನಿಂದ ಮತ್ತೆ ಆರಂಭಿಸಿ. ಇನ್ನೊಬ್ಬರ ಕೈಯಿಂದ ಬಂದ ನೂರು ಸಾಲಿನ ಕವಿತೆಗಿಂತ ಆ ‘ಸಾಕು’ ದೊಡ್ಡದು ಎಂದು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಚಿಕಿತ್ಸೆ, ಆಸ್ತಿ, ಯಾರ ಮೇಲಾದರೂ ದೂರು ಇಂಥ ವಿಷಯಗಳಲ್ಲಂತೂ ಹಿಡಿದು ತೋರಿಸಿಸಿದ ಅಕ್ಷರಗಳನ್ನು ಆಧಾರವಾಗಿ ಇಟ್ಟುಕೊಳ್ಳಲೇಬೇಡಿ.

ಇತ್ತ ಸ್ವಂತ ರೆಪ್ಪೆಯಿಂದ, ಸ್ವಂತ ನೋಟದಿಂದ ಹೇಳಿದ ಮಾತಿಗೆ ಕಾನೂನಿನ ಬೆಂಬಲವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಂವಹನ’ದ ವ್ಯಾಖ್ಯೆಯಲ್ಲೇ ಮಾತಿಗೆ ಪೂರಕವಾದ ಮತ್ತು ಬದಲಿಯಾದ ವಿಧಾನಗಳನ್ನು ಸೇರಿಸಿದೆ. ಬ್ಯಾಂಕಿನಲ್ಲಿ, ಕಚೇರಿಯಲ್ಲಿ ‘ಮಾತು ಬಾರದವರ ಒಪ್ಪಿಗೆ ನಡೆಯುವುದಿಲ್ಲ’ ಎಂದರೆ ಇದನ್ನು ಎತ್ತಿ ಹೇಳಿ.

ಹಾಸಿಗೆಯ ತಲೆಯ ಬಳಿ

ಯಾವ ವಿಧಾನವಾದರೂ ರಾತ್ರಿ ಕತ್ತಲಲ್ಲಿ, ನಾವು ನಿದ್ದೆಹೋದಾಗ, ಕೆಲಸಕ್ಕೆ ಬರುವುದಿಲ್ಲ. ಕೊನೆಯದಾಗಿ ಉಳಿದ ಚಲನೆ ಯಾವುದೋ ಅದರಿಂದ ಬಾರಿಸಬಹುದಾದ ಒಂದು ಗಂಟೆಯನ್ನು ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿಕೊಳ್ಳಿ. ಬೆರಳಿನಡಿ ಇಡುವ ಹಗುರ ಗುಂಡಿ ಸಾಕು. ಜೊತೆಗೆ ಹೊಸದಾಗಿ ಬರುವ ದಾದಿಗಾಗಿ ಒಂದು ಹಾಳೆ ಅಂಟಿಸಿ. ನಮ್ಮದರಲ್ಲಿ ಅಪ್ಪನೇ ಹೇಳಿ ಬರೆಸಿದ ಸಾಲುಗಳು ಹೀಗಿದ್ದವು: ‘ನನಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಕೂಗಬೇಡಿ. ಮೇಲೆ ನೋಡಿದರೆ ಹೌದು. ಕಣ್ಣು ಮುಚ್ಚಿದರೆ ಇಲ್ಲ. ಮೊದಲು ಸಾಲು ಕೇಳಿ, ಆಮೇಲೆ ಅಕ್ಷರ. ಪದ ಮುಗಿಯುವವರೆಗೆ ಕಾಯಿರಿ. ಮಗ್ಗುಲು ತಿರುಗಿಸಿದ ಮೇಲೆ ಕಿವಿ ನೋಡಿ.’